ಕುಯ್ಲಿನ ಕಾಲಕ್ಕೆ ಒಂದು ಬಸ್ಸು ಬೇಕು

ನಾನು ಕೊಡಗಿನ ಸಿದ್ದಾಪುರದ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್. ಹಾಜರಿ ಪುಸ್ತಕ, ಬಟವಾಡೆ, ಗೊಬ್ಬರದ ಲೆಕ್ಕ, ಕುಯ್ಲಿನ ಕಾಲದಲ್ಲಿ ತೂಕದ ಚೀಟಿ, ಎಲ್ಲ ನನ್ನ ಕೈಯಲ್ಲೇ ಇರುತ್ತದೆ. ಆಳು ಕರೆತರುವ ಯಾವ ಮೇಸ್ತ್ರಿಯ ಗಾಡಿಯಲ್ಲಿ ಎಷ್ಟು ಜನ ಬಂದರು ಅನ್ನುವುದನ್ನೂ ನಾನೇ ಬರೆದುಕೊಳ್ಳುತ್ತೇನೆ. ಗಾಡಿ ಬಾಡಿಗೆ ಆ ಲೆಕ್ಕದ ಮೇಲೇ ಹೋಗುತ್ತದೆ. ಹಾಗಾಗಿ ಕುಯ್ಲಿನ ಆಳುಗಳನ್ನು ಸರಕು ಗಾಡಿಯಲ್ಲಿ ತುಂಬಿ ತರುವುದರ ಅಪಾಯ ನನಗೆ ಪೇಪರ್‌ನಲ್ಲಿ ಓದಿ ಗೊತ್ತಾದದ್ದಲ್ಲ.

ರಸ್ತೆ ಅಪಘಾತ ಅಂದ ತಕ್ಷಣ ನಮಗೆಲ್ಲ ಹೆದ್ದಾರಿ ನೆನಪಾಗುತ್ತದೆ. ಕೊಡಗಿನವರಿಗಂತೂ ಕುಶಾಲನಗರ, ಸುಂಟಿಕೊಪ್ಪ, ಮಡಿಕೇರಿ, ಸಂಪಾಜೆ ಘಾಟಿ, ಅಂದರೆ 275ನೇ ನಂಬರಿನ ರಾಷ್ಟ್ರೀಯ ಹೆದ್ದಾರಿ. ಶನಿವಾರ ಭಾನುವಾರ ಪ್ರವಾಸಿಗಳ ಕಾರು, ಮಂಜು, ತಿರುವು. ಅಲ್ಲಿ ಆಗುವ ಸಾವು ದೊಡ್ಡ ಸುದ್ದಿಯಾಗುತ್ತದೆ, ಆಗಲೇಬೇಕು. ಆದರೆ ಕೇಂದ್ರ ಸಾರಿಗೆ ಸಚಿವಾಲಯದ 2022ರ ವರದಿ ತೆಗೆದು ನೋಡಿ. ಆ ವರ್ಷ ದೇಶದಲ್ಲಿ ರಸ್ತೆಯ ಮೇಲೆ ಸತ್ತವರು 1,68,491 ಜನ. ಅದರಲ್ಲಿ ರಾಷ್ಟ್ರೀಯ ಹೆದ್ದಾರಿಯಲ್ಲಿ 61,038, ರಾಜ್ಯ ಹೆದ್ದಾರಿಯಲ್ಲಿ 41,012. ಉಳಿದ 66,441 ಜನ ಸತ್ತದ್ದು ‘ಇತರೆ ರಸ್ತೆ’ಗಳಲ್ಲಿ. ಮೂರರಲ್ಲಿ ಅದೇ ಜಾಸ್ತಿ. ಜಿಲ್ಲಾ ರಸ್ತೆ, ಪಂಚಾಯ್ತಿ ರಸ್ತೆ, ತೋಟದ ನಡುವಿನ ರಸ್ತೆ ಎಲ್ಲ ಆ ‘ಇತರೆ’ ಅನ್ನುವುದರೊಳಗೆ ಸೇರಿಕೊಂಡಿವೆ. ನಮ್ಮ ಕಡೆ ಮಾಲ್ದಾರೆ, ಪಾಲಿಬೆಟ್ಟ, ಅಮ್ಮತ್ತಿ, ನೆಲ್ಲಿಹುದಿಕೇರಿ ಸುತ್ತ ತೋಟದ ಒಳಗೊಳಗೆ ಹೋಗುವ ರಸ್ತೆಗಳೂ ಇಂಥವೇ.

ಈ ರಸ್ತೆಗಳ ಮೇಲೆ ಜನವರಿಯಿಂದ ಮಾರ್ಚ್‌ವರೆಗೆ ಬೆಳಿಗ್ಗೆ ಏಳರಿಂದ ಎಂಟರವರೆಗೆ ಏನು ಓಡಾಡುತ್ತದೆ ಅಂತ ನೋಡಿದವರಿಗೆ ಗೊತ್ತು. ಪಿಕಪ್. ರೋಬಸ್ಟಾ ಕಾಫಿ ಹಣ್ಣಾಗಿರುತ್ತದೆ, ಕುಯ್ಲು ಜೋರಾಗಿರುತ್ತದೆ, ತೋಟದೊಳಗಿನ ಲೈನ್ ಮನೆಯಲ್ಲಿರುವ ಆಳುಗಳು ಸಾಲುವುದಿಲ್ಲ. ಪೇಟೆಯಿಂದ, ಆದಿವಾಸಿಗಳ ಹಾಡಿಗಳಿಂದ, ಪಿರಿಯಾಪಟ್ಟಣದ ಕಡೆಯಿಂದ ಜನ ಬರಬೇಕು. ಅವರನ್ನು ಕರೆತರುವುದು ಸಾಮಾನು ಸಾಗಿಸುವ ಗಾಡಿಯಲ್ಲಿ.

ಹತ್ತುವುದನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಗಾಡಿಗೆ ಮೆಟ್ಟಿಲು ಇಲ್ಲ. ಹೆಂಗಸರು ಒಂದು ಕಾಲನ್ನು ಹಿಂದಿನ ಟೈರಿನ ಮೇಲೆ ಇಟ್ಟು, ಮೇಲಿಂದ ಯಾರಾದರೂ ಚಾಚಿದ ಕೈ ಹಿಡಿದು ಹತ್ತುತ್ತಾರೆ. ಸೀರೆಯ ಮೇಲೆ ಗಂಡಸರ ಹಳೇ ಶರ್ಟು, ತಲೆಗೆ ಟವೆಲ್, ಕೈಯಲ್ಲಿ ಬುತ್ತಿ ಚೀಲ. ವಯಸ್ಸಾದವರನ್ನು ಕ್ಯಾಬಿನ್ ಹಿಂದೆ ಕೂರಿಸುತ್ತಾರೆ. ಮೊದಲು ಹತ್ತಿದವರು ಮಧ್ಯೆ ನಿಲ್ಲುತ್ತಾರೆ. ಆಮೇಲೆ ಬಂದವರು ಪಕ್ಕದ ಹಲಗೆಯ ಮೇಲೆ ಕುಳಿತು ಹಗ್ಗ ಹಿಡಿದುಕೊಳ್ಳುತ್ತಾರೆ. ಕೊನೆಗೆ ಬಂದ ಹುಡುಗರು ಹಿಂದಿನ ಬಾಗಿಲನ್ನು ಕೆಳಗೆ ಬಿಟ್ಟು ಅದರ ಮೇಲೇ ನಿಲ್ಲುತ್ತಾರೆ. ಹಿಡಿಯಲು ಅವರಿಗೆ ಸಿಗುವುದು ಮುಂದಿನವರ ಹೆಗಲು ಮಾತ್ರ.

ಪಿಕಪ್‌ಗೆ ಒಂದು ಟನ್ನಿಗಿಂತ ಜಾಸ್ತಿ ಹೇರಬಹುದಲ್ವಾ, ಇಪ್ಪತ್ತು ಜನರ ತೂಕ ಅಷ್ಟೇ ತಾನೇ ಅಂತ ಡ್ರೈವರ್‌ಗಳು ಹೇಳುತ್ತಾರೆ. ತೂಕದ ಲೆಕ್ಕ ಸರಿಯೇ. ಆದರೆ ಕಾಫಿ ಚೀಲ ಹೇರಿದರೆ ಭಾರ ಗಾಡಿಯ ತಳಕ್ಕೆ ಅಂಟಿಕೊಂಡಿರುತ್ತದೆ, ಅಲುಗಾಡುವುದಿಲ್ಲ. ಜನ ನಿಂತರೆ ಅದೇ ಭಾರ ಮೂರು ಅಡಿ ಮೇಲಕ್ಕೆ ಹೋಗುತ್ತದೆ. ತಿರುವಿನಲ್ಲಿ ಎಲ್ಲರೂ ಒಂದೇ ಕಡೆ ವಾಲುತ್ತಾರೆ, ಭಾರವೂ ಅವರ ಜೊತೆ ವಾಲುತ್ತದೆ. ನಮ್ಮ ರಸ್ತೆಯಲ್ಲಿ ಒಂದು ಪಕ್ಕ ಬರೆ, ಅಂದರೆ ಕಡಿದಾದ ಮಣ್ಣಿನ ಗೋಡೆ, ಇನ್ನೊಂದು ಪಕ್ಕ ಚರಂಡಿ ಅಥವಾ ಇಳಿಜಾರು ತೋಟ. ಎದುರಿಂದ ಜೀಪ್ ಬಂತು ಅಂತ ಡ್ರೈವರ್ ಒಂದು ಚಕ್ರ ಕೆಳಗಿಳಿಸಿದರೆ ಸಾಕು. ಗಾಡಿ ಚೀಲ ಹೊತ್ತಾಗ ನಿಲ್ಲುತ್ತಿದ್ದ ಜಾಗದಲ್ಲೇ ಜನ ಹೊತ್ತಾಗ ಮಗುಚುತ್ತದೆ.

ಹೀಗೆ ಮಗುಚಿದ ಗಾಡಿಯಲ್ಲಿ ಒಬ್ಬ ಅಕ್ಕ ತೀರಿಕೊಂಡರು. ಮೊದಲು ನಮ್ಮ ತೋಟಕ್ಕೆ ಬರುತ್ತಿದ್ದರು, ಆಮೇಲೆ ಪಕ್ಕದ ತೋಟಕ್ಕೆ ಹೋಗುತ್ತಿದ್ದರು. ಕುಯ್ಲಿನಲ್ಲಿ ಅವರ ಕೈ ಬಹಳ ಚುರುಕು. ಎಲೆ ಕೀಳದೆ, ಕಾಯಿ ಬೀಳಿಸದೆ, ಬರೀ ಹಣ್ಣು ಬಿಡಿಸುತ್ತಿದ್ದರು. ಸಂಜೆ ತೂಕ ಹಾಕುವಾಗ ಅವರ ಚೀಲದಲ್ಲಿ ಕಸ ಇರುತ್ತಿರಲಿಲ್ಲ. ಮನೆಯಲ್ಲಿ ತಾಯಿ, ಓದುತ್ತಿರುವ ಇಬ್ಬರು ಮಕ್ಕಳು. ಕಾಗದ ಪತ್ರಕ್ಕೆ ಓಡಾಡಲು ಆ ಮನೆಯವರು ನನ್ನನ್ನು ಕರೆದರು. ಎಫ್‌ಐಆರ್ ನಕಲು, ಮರಣೋತ್ತರ ಪರೀಕ್ಷೆಯ ವರದಿ, ಗಾಡಿಯ ವಿಮೆ ಕಾಗದ, ಎಲ್ಲ ಸೇರಿಸಿಕೊಂಡು ವಕೀಲರ ಹತ್ತಿರ ಹೋದೆವು. ವಕೀಲರು ವಿಮೆ ಕಾಗದ ನೋಡಿ, ಸ್ವಲ್ಪ ಹೊತ್ತು ಬಿಟ್ಟು ಹೇಳಿದರು. ‘ಇದು ಸರಕು ಸಾಗಣೆ ಗಾಡಿ. ಇದರಲ್ಲಿ ಹೋದವರಿಗೆ ವಿಮೆ ಕಂಪನಿಯಿಂದ ದುಡ್ಡು ಬರುವುದು ಕಷ್ಟ.’

ಆ ಕಾನೂನನ್ನು ನಾನು ಅವತ್ತು ತಿಳಿದುಕೊಂಡೆ. 1994ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಆಯಿತು. ಸರಕು ಗಾಡಿಯಲ್ಲಿ ಸರಕಿನ ಮಾಲೀಕರು ಅಥವಾ ಅವರ ಪ್ರತಿನಿಧಿ ಜೊತೆಗೆ ಹೋದರೆ ಅವರಿಗೆ ವಿಮೆಯ ರಕ್ಷಣೆ ಸಿಗುವ ಹಾಗೆ ಮಾಡಿದರು. ಉಳಿದಂತೆ ಸುಮ್ನೆ ಹತ್ತಿಸಿಕೊಂಡು ಹೋದ ಪ್ರಯಾಣಿಕರಿಗೆ ವಿಮೆ ಕಂಪನಿ ಹೊಣೆಯಲ್ಲ ಅಂತ ಸುಪ್ರೀಂ ಕೋರ್ಟ್ 2002ರ ಡಿಸೆಂಬರ್‌ನಲ್ಲಿ ಆಶಾ ರಾಣಿ ಪ್ರಕರಣದಲ್ಲಿ ಹೇಳಿತು. ತೋಟದ ಸ್ವಂತ ಗಾಡಿ, ಅದೇ ತೋಟದ ಆಳು ಅಂತಾದರೆ ವಾದ ಮಾಡಲು ಸ್ವಲ್ಪ ಜಾಗ ಇರುತ್ತದಂತೆ. ಮೇಸ್ತ್ರಿ ಬಾಡಿಗೆಗೆ ತಂದ ಗಾಡಿಯಾದರೆ ಪರಿಹಾರದ ಹೊಣೆ ಬಹುತೇಕ ಗಾಡಿ ಮಾಲೀಕನ ತಲೆಯ ಮೇಲೆ ಬೀಳುತ್ತದೆ. ಆ ಮಾಲೀಕ ಯಾರು? ಸಾಲ ಮಾಡಿ ಪಿಕಪ್ ತೆಗೆದುಕೊಂಡ ಇನ್ನೊಬ್ಬ ಬಡವ. ಅವನ ಹತ್ತಿರ ಏನಿದೆ ಕೊಡಲು?

ಇದನ್ನು ಪ್ರತಿ ತೋಟದ ಮಾಲೀಕರೂ, ಪ್ರತಿ ಮೇಸ್ತ್ರಿಯೂ ತಿಳಿದಿರಬೇಕು. ಗಾಡಿ ಹತ್ತುವ ಪ್ರತಿಯೊಬ್ಬ ಅಕ್ಕ ತಂಗಿಗೂ ಯಾರಾದರೂ ಹೇಳಬೇಕು.

ನಮ್ಮ ದೇಶಕ್ಕೆ ರಾಷ್ಟ್ರೀಯ ರಸ್ತೆ ಸುರಕ್ಷತಾ ನೀತಿ ಅಂತ ಒಂದಿದೆ. ಎಸ್. ಸುಂದರ್ ಅವರ ಸಮಿತಿಯ ವರದಿ ಇಟ್ಟುಕೊಂಡು ಮಾಡಿದ್ದು, 2010ರ ಮಾರ್ಚ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿತು. ಒಳ್ಳೆಯ ನೀತಿ, ನಾನು ಓದಿದ್ದೇನೆ. ರಸ್ತೆ ಸುರಕ್ಷಿತವಾಗಿರಬೇಕು, ಗಾಡಿ ಸುರಕ್ಷಿತವಾಗಿರಬೇಕು, ಚಾಲಕರಿಗೆ ತರಬೇತಿ ಬೇಕು, ನಡೆದು ಹೋಗುವವರನ್ನು ಮರೆಯಬಾರದು, ಗಾಯಾಳುವಿಗೆ ಬೇಗ ಚಿಕಿತ್ಸೆ ಸಿಗಬೇಕು ಅಂತೆಲ್ಲ ಅದರಲ್ಲಿದೆ. ಆ ವರ್ಷ ದೇಶದಲ್ಲಿ ರಸ್ತೆಯಲ್ಲಿ ಸತ್ತವರು 1,34,513. ಹನ್ನೆರಡು ವರ್ಷದ ನಂತರದ ಲೆಕ್ಕ ಮೇಲೆ ಹೇಳಿದೆ. ಗಾಡಿಗಳು ಜಾಸ್ತಿಯಾದವು ಅನ್ನುವುದು ನಿಜ, ಆದರೆ ಸತ್ತವರ ಮನೆಗೆ ಹೋಗಿ ಅದನ್ನು ಹೇಳಲು ಆಗುತ್ತದಾ? 2030ರೊಳಗೆ ಸಾವು ಅರ್ಧಕ್ಕೆ ಇಳಿಸಬೇಕು ಅನ್ನುವ ವಿಶ್ವಸಂಸ್ಥೆಯ ಗುರಿಯನ್ನು ನಮ್ಮ ದೇಶವೂ ಒಪ್ಪಿಕೊಂಡಿದೆ.

ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿ ಬಂದಾಗ ನಮ್ಮ ಕಡೆ ಎಲ್ಲರೂ ಮಾತಾಡಿದ್ದು ದಂಡದ ಬಗ್ಗೆ. ಹೆಲ್ಮೆಟ್ ಇಲ್ಲದಿದ್ದರೆ ಸಾವಿರ ಅಂತ ಆಗಿದ್ದನ್ನು ಕರ್ನಾಟಕ ಐನೂರಕ್ಕೆ ಇಳಿಸಿತು. ಹೆಲ್ಮೆಟ್ ವಿಷಯದಲ್ಲಿ ನನಗೆ ಎರಡು ಮಾತಿಲ್ಲ. 2022ರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರೇ 50,029 ಜನ, ಅದರಲ್ಲಿ ಹದಿನಾಲ್ಕು ಸಾವಿರಕ್ಕಿಂತ ಹೆಚ್ಚು ಮಂದಿ ಹಿಂದೆ ಕುಳಿತವರು. ಆದರೆ ಅದೇ ತಿದ್ದುಪಡಿಯಲ್ಲಿ 198ಎ ಅನ್ನುವ ಒಂದು ಕಲಂ ಇದೆ. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆ ನಿಗದಿಯಾದ ಮಟ್ಟಕ್ಕೆ ಇಲ್ಲದೆ ಸಾವು ಅಥವಾ ಅಂಗವಿಕಲತೆ ಆದರೆ, ಅದಕ್ಕೆ ಹೊಣೆಯಾದ ಅಧಿಕಾರಿ, ಗುತ್ತಿಗೆದಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ. ಅದರ ಬಗ್ಗೆ ಮಾತಾಡಿದವರು ಎಷ್ಟು ಜನ?

ಇನ್ನು ಬ್ಲ್ಯಾಕ್ ಸ್ಪಾಟ್, ಅಂದರೆ ಪದೇ ಪದೇ ಅಪಘಾತ ಆಗುವ ಜಾಗ. ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಉದ್ದದ ಜಾಗದಲ್ಲಿ, ಮೂರು ವರ್ಷದಲ್ಲಿ, ಸಾವು ಅಥವಾ ತೀವ್ರ ಗಾಯದ ಐದು ಅಪಘಾತ ಆಗಿರಬೇಕು. ಇಲ್ಲ ಹತ್ತು ಜನ ಸತ್ತಿರಬೇಕು. ಆಗ ಆ ಜಾಗವನ್ನು ಪಟ್ಟಿಗೆ ಸೇರಿಸಿ ಸರಿಪಡಿಸುತ್ತಾರೆ. ಹೆದ್ದಾರಿಗೆ ಈ ಲೆಕ್ಕ ಸರಿ. ತೋಟದ ರಸ್ತೆಯಲ್ಲಿ ಅಪಘಾತ ಒಂದೇ ತಿರುವಿನಲ್ಲಿ ಆಗುವುದಿಲ್ಲ. ಈ ವರ್ಷ ಇಲ್ಲಿ, ಮುಂದಿನ ವರ್ಷ ಎರಡು ಕಿಲೋಮೀಟರ್ ಆಚೆ. ಎಲ್ಲ ತಿರುವೂ ಒಂದೇ ಥರ, ಎಲ್ಲ ಗಾಡಿಯೂ ಒಂದೇ ಥರ. ಹಾಗಾಗಿ ನಮ್ಮ ರಸ್ತೆಯಲ್ಲಿ ಸರಿಮಾಡಬೇಕಾದ್ದು ಜನ ಬರುವ ರೀತಿಯನ್ನೇ.

ಪೊಲೀಸರು ಹಿಡಿಯಲಿ ಅಂತ ಹೇಳುವುದು ಸುಲಭ. ಹಿಡಿದಾಗ ಏನಾಗುತ್ತದೆ ಅಂತ ನಾನು ನೋಡಿದ್ದೇನೆ. ಜನರನ್ನು ರಸ್ತೆಯಲ್ಲೇ ಇಳಿಸುತ್ತಾರೆ. ಅಷ್ಟೂ ಜನರ ಅವತ್ತಿನ ಕೂಲಿ ಹೋಯಿತು. ನಡೆದುಕೊಂಡು ಬನ್ನಿ ಅನ್ನೋಣ ಅಂದರೆ ಆನೆ. ಮಾಲ್ದಾರೆ, ಸಿದ್ದಾಪುರ, ಅಮ್ಮತ್ತಿ ಸುತ್ತಮುತ್ತ ಆನೆಗಳು ತೋಟದೊಳಗೇ ಇರುತ್ತವೆ. ಬೆಳಿಗ್ಗೆ ಒಂದು ತೋಟದಿಂದ ಇನ್ನೊಂದಕ್ಕೆ ದಾಟುವಾಗ ರಸ್ತೆಗೇ ಬರುತ್ತವೆ. ಕೆಲಸಕ್ಕೆ ನಡೆದು ಹೋಗುವಾಗ ಆನೆ ತುಳಿದು ಸತ್ತವರು ನಮ್ಮ ಸುತ್ತ ಇದ್ದಾರೆ. ನಿಂತು ಬಂದರೂ ಪರವಾಗಿಲ್ಲ, ಗಾಡಿಯಲ್ಲೇ ಬರ್ತೇವೆ ಅಂತ ಹೆಂಗಸರು ಹೇಳುವುದು ಆ ಹೆದರಿಕೆಗೆ. ಈ ಹೆದರಿಕೆಗೆ ಯಾರ ಹತ್ತಿರವೂ ಉತ್ತರ ಇಲ್ಲದೆ ಪಿಕಪ್ ನಿಲ್ಲಿಸಿ ಅಂದರೆ ಅದು ನ್ಯಾಯವೂ ಅಲ್ಲ, ನಡೆಯುವಂಥದ್ದೂ ಅಲ್ಲ.

ಗಾಡಿ ತುಂಬಿ ತುಳುಕಲು ಇನ್ನೊಂದು ಕಾರಣ ನನ್ನ ಪುಸ್ತಕದಲ್ಲೇ ಇತ್ತು. ಬಾಡಿಗೆಯನ್ನು ತಲೆ ಲೆಕ್ಕದಲ್ಲಿ ಕೊಡುವುದು ನಮ್ಮ ಕಡೆ ಹಳೇ ಪದ್ಧತಿ. ಒಂದು ತಲೆಗೆ ಇಷ್ಟು. ಮೂವತ್ತು ಜನ ತಂದರೆ ಇಪ್ಪತ್ತು ಜನ ತಂದದ್ದಕ್ಕಿಂತ ಜಾಸ್ತಿ ಸಿಗುತ್ತದೆ. ಡೀಸೆಲ್ ಖರ್ಚು ಅಷ್ಟೇ. ಹೀಗಿರುವಾಗ ಯಾವ ಡ್ರೈವರ್ ಕಡಿಮೆ ಜನ ಹತ್ತಿಸುತ್ತಾನೆ? ಅದರ ಮೇಲೆ ಕುಯ್ಲಿಗೆ ಕೆ.ಜಿ. ಲೆಕ್ಕದ ಕೂಲಿ. ಬೇಗ ಬಂದವರಿಗೆ ಹಣ್ಣು ಜಾಸ್ತಿ ಇರುವ ಸಾಲು ಸಿಗುತ್ತದೆ, ಹಾಗಾಗಿ ಜನರಿಗೂ ಅವಸರ. ಒಂದೇ ಗಾಡಿ ಎರಡು ಮೂರು ತೋಟಕ್ಕೆ ಆಳು ಬಿಡಬೇಕಾದಾಗ ಎರಡನೇ ಟ್ರಿಪ್ ಇನ್ನೂ ಜೋರು. ಪೊಲೀಸ್ ವರದಿಯಲ್ಲಿ ಇದೆಲ್ಲ ‘ಅತಿವೇಗ’ ಅಂತ ಒಂದೇ ಮಾತಿನಲ್ಲಿ ಬರುತ್ತದೆ. 2022ರ ದೇಶದ ಲೆಕ್ಕದಲ್ಲಿ ಹತ್ತು ಸಾವಿನಲ್ಲಿ ಏಳಕ್ಕಿಂತ ಹೆಚ್ಚು ಅತಿವೇಗದ ಖಾತೆಯಲ್ಲಿವೆ. ವೇಗ ನಿಜವೇ. ಆ ವೇಗ ಎಲ್ಲಿಂದ ಬಂತು ಅಂತ ಬರೆಯಲು ಆ ಫಾರಂನಲ್ಲಿ ಜಾಗ ಇಲ್ಲ.

ನಾನು ಇದನ್ನು ನಮ್ಮ ಸಾಹುಕಾರರ ಮುಂದೆ ಇಟ್ಟೆ. ‘ಸಾರ್, ತಲೆ ಲೆಕ್ಕ ಬಿಡೋಣ, ಟ್ರಿಪ್ ಲೆಕ್ಕ ಮಾಡೋಣ. ಸೀಟ್ ಇರುವ ಗಾಡಿ ಮಾತ್ರ ತರಲಿ’ ಅಂದೆ. ಅವರು ತಕ್ಷಣ ಹೂಂ ಅನ್ನಲಿಲ್ಲ. ಖರ್ಚು ಕೇಳಿದರು, ಪಕ್ಕದ ತೋಟದವರು ಒಪ್ಪದಿದ್ದರೆ ಆಳು ಅಲ್ಲಿಗೆ ಹೋಗುತ್ತಾರಲ್ಲ ಅಂದರು. ಅವರ ಮಾತಿನಲ್ಲೂ ಹುರುಳಿತ್ತು. ವಿಮೆಯ ವಿಷಯ ಹೇಳಿದಾಗ ಅವರ ಮುಖ ಬದಲಾಯಿತು. ಅಷ್ಟು ವರ್ಷ ತೋಟ ನಡೆಸಿದವರಿಗೂ ಅದು ಪೂರ್ತಿ ಗೊತ್ತಿರಲಿಲ್ಲ. ಪಕ್ಕದ ತೋಟದವರ ಜೊತೆ ಅವರೇ ಮಾತಾಡಿದರು. ಈಗ ಮೂರು ತೋಟ ಸೇರಿ ಪ್ರಯಾಣಿಕರ ಪರ್ಮಿಟ್ ಇರುವ ಒಂದು ಮಿನಿ ಬಸ್ ಗೊತ್ತುಮಾಡಿದ್ದೇವೆ. ಟ್ರಿಪ್‌ಗೆ ಇಷ್ಟು ಅಂತ ದುಡ್ಡು. ಸೀಟು ತುಂಬಿದ ಮೇಲೆ ಒಬ್ಬರನ್ನೂ ಹತ್ತಿಸುವಂತಿಲ್ಲ. ಸಾಲು ಹಂಚುವುದನ್ನು ಎಲ್ಲ ಟ್ರಿಪ್ ಬಂದ ಮೇಲೆ ಚೀಟಿ ಎತ್ತಿ ಮಾಡುತ್ತೇವೆ. ಬೇಗ ಬಂದವರಿಗೆ ಒಳ್ಳೇ ಸಾಲು ಅನ್ನುವುದು ಹೋಯಿತು, ಅದರ ಜೊತೆ ಬೆಳಗಿನ ಗಲಾಟೆಯೂ ಅರ್ಧ ಹೋಯಿತು.

ಇದರಿಂದ ಪಿಕಪ್ ನಿಂತಿಲ್ಲ. ನಮ್ಮ ಗೇಟಿನ ಮುಂದೆಯೇ ಬೇರೆ ತೋಟಗಳಿಗೆ ತುಂಬಿಕೊಂಡು ಹೋಗುತ್ತವೆ. ಹತ್ತು ಹದಿನೈದು ಎಕರೆಯ ಸಣ್ಣ ಬೆಳೆಗಾರರು ಮಿನಿ ಬಸ್ ಎಲ್ಲಿಂದ ತರುತ್ತಾರೆ? ಅವರು ಹತ್ತು ಜನ ಸೇರಿದರೂ ಕುಯ್ಲು ಒಂದೇ ದಿನ ಬರುವುದಿಲ್ಲ. ಅದಕ್ಕೇ ನಾನು ಬಸ್ಸು ಬೇಕು ಅನ್ನುವುದು. ಸರ್ಕಾರಿ ಬಸ್ಸು. ಕುಯ್ಲಿನ ಮೂರು ತಿಂಗಳು, ಬೆಳಿಗ್ಗೆ ಏಳೂವರೆಗೆ ಹೋಗುವುದೊಂದು, ಸಂಜೆ ಕೆಲಸ ಬಿಡುವ ಹೊತ್ತಿಗೆ ಬರುವುದೊಂದು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರು ಸರ್ಕಾರಿ ಸಾರಿಗೆ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡು ಕೊಡಬೇಕಿಲ್ಲ. ಕುಯ್ಲಿಗೆ ಬರುವವರಲ್ಲಿ ಹೆಂಗಸರೇ ಜಾಸ್ತಿ. ದುಡ್ಡು ಕೊಡದೆ, ಸೀಟಿನಲ್ಲಿ ಕುಳಿತು ಬರಬಹುದಾದ ಹಕ್ಕು ಅವರಿಗೆ ಆಗಲೇ ಇದೆ. ಅವರ ಹೊತ್ತಿಗೆ, ಅವರ ದಾರಿಯಲ್ಲಿ ಬಸ್ಸಿಲ್ಲ, ಅಷ್ಟೇ. ರಸ್ತೆ ಸಾವು ತಗ್ಗಿಸಲು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೊರತಂದ ಯೋಜನೆಯಲ್ಲಿ ಸಾರ್ವಜನಿಕ ಸಾರಿಗೆಯ ಮಾತು ಮುಖ್ಯವಾಗೇ ಇದೆ. ನಮ್ಮಲ್ಲಿ ಬಸ್ಸಿನ ವೇಳಾಪಟ್ಟಿ ಒಂದು ಇಲಾಖೆಯ ವಿಷಯ, ಅಪಘಾತ ಇನ್ನೊಂದು ಇಲಾಖೆಯ ವಿಷಯ. ಎರಡನ್ನೂ ಒಂದೇ ಮೇಜಿನ ಮೇಲೆ ಇಡಬೇಕು.

ಕೊಡಗಿನಲ್ಲಿ ಇದು ಇನ್ನೂ ಮುಖ್ಯ ಅಂತ ಹೇಳಲು ಕಾರಣ ಇದೆ. ನಮಗೆ ರೈಲಿಲ್ಲ, ಬಂದರೂ ಹೋದರೂ ರಸ್ತೆಯೇ. ತಲೆಗೆ ಪೆಟ್ಟಾದವರನ್ನು ಮಡಿಕೇರಿಯಿಂದ ಮೈಸೂರಿಗೋ ಮಂಗಳೂರಿಗೋ ಕಳಿಸುವುದು ನಾವೆಲ್ಲ ನೋಡುತ್ತಲೇ ಬಂದದ್ದು. ಮೈಸೂರಿಗೆ ಸುಮಾರು 120 ಕಿಲೋಮೀಟರ್. ಕಾನೂನಿನಲ್ಲಿ ‘ಗೋಲ್ಡನ್ ಅವರ್’ ಅಂದರೆ ಪೆಟ್ಟಾದ ಮೇಲಿನ ಒಂದು ಗಂಟೆ. ಸಿದ್ದಾಪುರದ ಒಳರಸ್ತೆಯಿಂದ ಹೊರಟ ಆಂಬುಲೆನ್ಸ್ ಆ ಒಂದು ಗಂಟೆಯಲ್ಲಿ ಪಿರಿಯಾಪಟ್ಟಣ ಮುಟ್ಟಿದರೆ ಅದೇ ದೊಡ್ಡದು. 2019ರಲ್ಲಿ ಕೊಡಗಿಗೆ ತುರ್ತು ಚಿಕಿತ್ಸೆಯ ದೊಡ್ಡ ಆಸ್ಪತ್ರೆ ಬೇಕು ಅಂತ ಜಾಲತಾಣದಲ್ಲಿ ಅಭಿಯಾನ ನಡೆದಾಗ ಇಲ್ಲಿನ ಜನ ಕೇಳಿದ್ದು ಈ ಒಂದು ಗಂಟೆಯನ್ನೇ. ಗಾಯಾಳುಗಳಿಗೆ ಮೊದಲ ಏಳು ದಿನ ಒಂದೂವರೆ ಲಕ್ಷ ರೂಪಾಯಿವರೆಗೆ ನಗದಿಲ್ಲದ ಚಿಕಿತ್ಸೆ ಕೊಡುವ ಯೋಜನೆಯನ್ನು ಕೇಂದ್ರ 2025ರ ಮೇ ತಿಂಗಳಲ್ಲಿ ಜಾರಿಗೆ ತಂದಿದೆ. ಬಹಳ ಒಳ್ಳೆಯದಾಯಿತು. ಆದರೂ ದೂರ ದೂರವೇ. ಇಲ್ಲಿ ಅಪಘಾತ ಆಗದ ಹಾಗೆ ನೋಡಿಕೊಳ್ಳುವುದಕ್ಕೆ ಬೇರೆ ಜಿಲ್ಲೆಗಿಂತ ಜಾಸ್ತಿ ಬೆಲೆ ಇದೆ.

ಒಂದು ಮಾತು ಇಲ್ಲೇ ಸೇರಿಸುತ್ತೇನೆ. ಗಾಡಿ ಮಗುಚಿದಾಗ ಮೊದಲು ಓಡಿ ಬರುವವರು ಅಕ್ಕಪಕ್ಕದ ತೋಟದವರು. ಎತ್ತಿ ಆಸ್ಪತ್ರೆಗೆ ಸೇರಿಸಿದರೆ ಪೊಲೀಸ್ ಸ್ಟೇಷನ್, ಕೋರ್ಟು ಅಂತ ಅಲೆಯಬೇಕಾಗುತ್ತದೆ ಅನ್ನುವ ಹೆದರಿಕೆ ಇನ್ನೂ ಹೋಗಿಲ್ಲ. 2016ರಲ್ಲೇ ಸುಪ್ರೀಂ ಕೋರ್ಟ್ ಹಾಗೆ ನೆರವಾದವರಿಗೆ ರಕ್ಷಣೆ ಕೊಟ್ಟಿದೆ. ಕರ್ನಾಟಕ ತನ್ನದೇ ಕಾನೂನನ್ನೂ ಮಾಡಿತು. 2019ರ ತಿದ್ದುಪಡಿಯ 134ಎ ಕಲಂ ಅದನ್ನೇ ಹೇಳುತ್ತದೆ. ನಿಮ್ಮ ಹೆಸರು ಹೇಳಲೇಬೇಕು ಅಂತ ಯಾರೂ ಒತ್ತಾಯ ಮಾಡುವಂತಿಲ್ಲ. ಡಿಕ್ಕಿ ಹೊಡೆದ ಗಾಡಿ ನಿಲ್ಲದೆ ಓಡಿಹೋಗಿ, ಅದು ಯಾವುದು ಅಂತ ಪತ್ತೆಯಾಗದಿದ್ದರೂ ಸತ್ತವರ ಮನೆಗೆ ಎರಡು ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಪರಿಹಾರ 2022ರ ಏಪ್ರಿಲ್‌ನಿಂದ ಇದೆ. ನಡೆದು ಹೋಗುವವರಿಗೆ ಇದು ಬಹಳ ಬೇಕಾಗುತ್ತದೆ. ಅರ್ಜಿಯ ದಾರಿ ಕಂದಾಯ ಇಲಾಖೆಯ ಮೂಲಕ, ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ.

ಬಸ್ಸಿನ ವಿಷಯಕ್ಕೆ ಬರುತ್ತೇನೆ. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ರಸ್ತೆ ಸುರಕ್ಷತಾ ಸಮಿತಿ ಇರುತ್ತದೆ. ಪೊಲೀಸ್, ಲೋಕೋಪಯೋಗಿ, ಸಾರಿಗೆ ಇಲಾಖೆಯವರೆಲ್ಲ ಅದರಲ್ಲಿ ಕೂರುತ್ತಾರೆ. ನಾವು ಆ ಸಮಿತಿಗೇ ಅರ್ಜಿ ಬರೆದಿದ್ದೇವೆ. ಬಸ್ ಬಿಡಿ ಅಂತ ಮಾತ್ರ ಬರೆದರೆ ಅದು ಸೌಕರ್ಯದ ಅರ್ಜಿಯಾಗಿ ಬೇರೆ ಕಡೆಗೆ ಹೋಗುತ್ತದೆ. ಇದು ಸಾವು ತಪ್ಪಿಸುವ ಅರ್ಜಿ ಅಂತ ಮೊದಲ ಸಾಲಿನಲ್ಲೇ ಬರೆದೆವು. ಯಾವ ತೋಟಕ್ಕೆ ಯಾವ ಊರಿನಿಂದ ಎಷ್ಟು ಜನ, ಎಷ್ಟು ಹೊತ್ತಿಗೆ ಬರುತ್ತಾರೆ ಅನ್ನುವುದನ್ನು ಹಾಜರಿ ಪುಸ್ತಕದಿಂದ ತೆಗೆದು ಜೊತೆಗಿಟ್ಟೆವು. ಬೇಲಿ ರಸ್ತೆಗೆ ಬಾಗಿ ಎದುರಿನ ಗಾಡಿ ಕಾಣದ ತಿರುವುಗಳನ್ನು ಮೈಲಿಗಲ್ಲಿನ ಗುರುತಿನ ಜೊತೆ ಬರೆದೆವು. ಬೇಲಿ ಸವರುವ ಕೆಲಸ ತೋಟದವರದ್ದೇ, ಅದನ್ನು ನಾವೇ ಶುರುಮಾಡಿದ್ದೇವೆ. ಬಸ್ಸು ಮಾತ್ರ ನಾವು ತರಲು ಆಗುವುದಿಲ್ಲ.

ಪೊನ್ನಂಪೇಟೆ, ಸೋಮವಾರಪೇಟೆ ಕಡೆಯ ರೈಟರ್‌ಗಳು, ಮೇಸ್ತ್ರಿಗಳು, ಸಣ್ಣ ಬೆಳೆಗಾರರು ಯಾರಾದರೂ ಇದನ್ನು ಓದುತ್ತಿದ್ದರೆ ನಿಮ್ಮ ರಸ್ತೆಯ ಲೆಕ್ಕವನ್ನೂ ಹೀಗೇ ತೆಗೆಯಿರಿ. ಮುಂದಿನ ಕುಯ್ಲಿಗೆ ಮುಂಚೆ, ಮಳೆ ನಿಂತ ಕೂಡಲೇ ಅರ್ಜಿ ಹೋಗಬೇಕು. ಡಿಸೆಂಬರ್ ಬಂದ ಮೇಲೆ ಯಾರಿಗೂ ಪುರುಸೊತ್ತು ಇರುವುದಿಲ್ಲ. ನಮ್ಮ ಅರ್ಜಿಯ ನಕಲು ಬೇಕಿದ್ದರೆ ಕೇಳಿ, ಕಳಿಸುತ್ತೇನೆ. ಊರಿನ ಹೆಸರು, ಜನರ ಸಂಖ್ಯೆ, ಹೊತ್ತು ಬದಲಿಸಿಕೊಂಡರೆ ಸಾಕು.